ಶುಗರ್ ‘ಬಾರ್ಡರ್‌’ನಲ್ಲಿದೆ ಅಂದರೆ ನೆನಪಿಗೆ ಏನಾಗುತ್ತದೆ?

ನನ್ನ ಚಿಕ್ಕಮ್ಮನಿಗೆ ಈಗ 54 ವರ್ಷ. ಹೋದ ವರ್ಷ ಯುಗಾದಿ ಆದ ಮೇಲೆ ಒಂದು ದಿನ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದರು. ಲ್ಯಾಬಿನ ಕಾಗದವನ್ನು ಮಡಚಿ ಫ್ರಿಜ್ ಮೇಲಿಟ್ಟು, ‘ಏನೂ ಇಲ್ಲ ಕಣೋ, ಶುಗರ್ ಬಾರ್ಡರ್‌ನಲ್ಲಿದೆಯಂತೆ ಅಷ್ಟೇ’ ಅಂದರು. ಬಿಡಿಸಿ ನೋಡಿದೆ. ಎಚ್‌ಬಿಎ1ಸಿ 6.1 ಅಂತ ಇತ್ತು. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಪರೀಕ್ಷೆ ಇದು. 5.7ರಿಂದ 6.4ರ ನಡುವೆ ಬಂದರೆ ಸಕ್ಕರೆ ಕಾಯಿಲೆಗೆ ಮುಂಚಿನ ಹಂತ. 6.5 ಮುಟ್ಟಿದರೆ ಕಾಯಿಲೆ.

ಅದೇ ವಾರ ಅದೇ ಅಡುಗೆಮನೆಯಲ್ಲಿ ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ‘ಈಚೆಗೆ ಮರೆವು ಜಾಸ್ತಿಯಾಗಿದೆ. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ಸಿಗಲ್ಲ. ಒಳಕೋಣೆಗೆ ಹೋಗ್ತೀನಿ, ಯಾಕೆ ಬಂದೆ ಅಂತ ನಿಂತ್ಕೋತೀನಿ.’ ಕುಕ್ಕರ್ ಸೀಟಿ ಮರೆಯುವುದು ಕಾಯಿಲೆಯೇನಲ್ಲ. ಹತ್ತು ಕೆಲಸ ಒಟ್ಟಿಗೆ ಮಾಡುವ ಯಾರಿಗಾದರೂ ಹಾಗೆ ಆಗುತ್ತದೆ. ಆದರೆ ಈ ಎರಡು ಮಾತುಗಳ ನಡುವೆ ಸಂಬಂಧ ಇರಬಹುದು ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಶುಗರ್ ಅಂದರೆ ಕಾಲು, ಕಣ್ಣು, ಕಿಡ್ನಿ. ಮರೆವು ಅಂದರೆ ವಯಸ್ಸು. ನಮ್ಮ ತಲೆಯಲ್ಲಿ ಇವೆರಡೂ ಬೇರೆ ಬೇರೆ ಡಬ್ಬಿಯಲ್ಲಿವೆ.

ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆ ಈ ಎರಡನ್ನೂ ಒಂದೇ ಡಬ್ಬಿಗೆ ತಂದು ಹಾಕಿದೆ. ಅದು ಹೇಗೆ ಅಂತ ಬಿಡಿಸಿ ಹೇಳುವುದೇ ಈ ಬರಹದ ಉದ್ದೇಶ. ವಯಸ್ಸಾದವರಿಗೆ ಮಾತ್ರ ಸೇರಿದ ವಿಷಯ ಇದು ಅಂದುಕೊಳ್ಳಬೇಡಿ. ಬೆಳಗ್ಗೆ ಏನೂ ತಿನ್ನದೆ ಶಾಲೆಗೆ ಹೋಗುವ ಮಗುವಿಗೂ ಇದು ಸೇರಿದ್ದು.

ಮಿದುಳಿನ ತೂಕ ದೇಹದ ತೂಕದಲ್ಲಿ ಶೇ 2ರಷ್ಟು. ಆದರೆ ನಾವು ಸುಮ್ನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ 20ರಷ್ಟು ಅದಕ್ಕೇ ಬೇಕು. ನಾಲ್ಕೈದು ವರ್ಷದ ಮಗುವಿನಲ್ಲಿ ಈ ಪಾಲು ಇನ್ನೂ ದೊಡ್ಡದು. ಆ ವಯಸ್ಸಿನಲ್ಲಿ ದಿನವಿಡೀ ಬಳಕೆಯಾಗುವ ಶಕ್ತಿಯಲ್ಲಿ ಶೇ 40ಕ್ಕೂ ಹೆಚ್ಚನ್ನು ಮಿದುಳೊಂದೇ ತೆಗೆದುಕೊಳ್ಳುತ್ತದೆ. ಇಷ್ಟು ಖರ್ಚಿದ್ದರೂ ಮಿದುಳಿನಲ್ಲಿ ಉಗ್ರಾಣ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ರಕ್ತ ತಂದುಕೊಟ್ಟದ್ದನ್ನು ಆಗಿಂದಾಗಲೇ ಬಳಸಿಕೊಳ್ಳುತ್ತದೆ. ಅದರ ಮುಖ್ಯ ಇಂಧನ ಗ್ಲೂಕೋಸ್.

ಹಾಗಾದರೆ ಸಕ್ಕರೆ ತಿಂದಷ್ಟೂ ಒಳ್ಳೆಯದೇ ಅಲ್ವಾ? ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಮಕ್ಕಳ ಕೈಗೆ ಗ್ಲೂಕೋಸ್ ನೀರಿನ ಬಾಟಲಿ ಕೊಟ್ಟು ಕಳಿಸುವ ಅಪ್ಪ ಅಮ್ಮಂದಿರ ಲೆಕ್ಕ ಇದೇ. ಮಿದುಳಿಗೆ ಬೇಕಾದ್ದು ಗ್ಲೂಕೋಸ್ ಎನ್ನುವುದು ನಿಜ. ಆದರೆ ಅದಕ್ಕೆ ಬೇಕಾದ್ದು ಹದವಾದ, ನಿರಂತರ ಪೂರೈಕೆ. ನಲ್ಲಿಯಲ್ಲಿ ಸಣ್ಣಗೆ ಒಂದೇ ಸಮ ನೀರು ಬರುವುದಕ್ಕೂ, ವಾರಕ್ಕೊಮ್ಮೆ ಟ್ಯಾಂಕರ್ ಬಂದು ಬೀದಿಯೆಲ್ಲ ಹರಿದು ಹೋಗುವುದಕ್ಕೂ ಇರುವ ವ್ಯತ್ಯಾಸ ಇಲ್ಲೂ ಇದೆ.

ಕಡಲ್ಕುದುರೆಯ ಆಕಾರದ ಒಂದು ಜಾಗ

ನೆನಪಿನ ಕಥೆ ಹೇಳಲು ಹಿಪೊಕ್ಯಾಂಪಸ್ ಎಂಬ ಜಾಗದ ಹೆಸರು ಹೇಳಲೇಬೇಕು. ಕಿವಿಯ ನೇರಕ್ಕೆ ಒಳಗೆ, ಎಡಕ್ಕೊಂದು ಬಲಕ್ಕೊಂದು ಇದೆ. ಬಿಡಿಸಿ ನೋಡಿದರೆ ಕಡಲ್ಕುದುರೆಯ ಹಾಗೆ ಬಾಗಿಕೊಂಡಿರುತ್ತದೆ. ಹೆಸರು ಬಂದಿದ್ದೂ ಆ ಆಕಾರದಿಂದಲೇ. ಇವತ್ತು ನಡೆದದ್ದನ್ನು ನಾಳೆಗೆ ಉಳಿಸುವ ಕೆಲಸ ಇದರದ್ದು.

ಇದು ಗೊತ್ತಾಗಿದ್ದು ಒಬ್ಬ ಮನುಷ್ಯನ ಬದುಕಿನಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ತೀವ್ರ ಮೂರ್ಛೆ ರೋಗವಿತ್ತು. 1953ರಲ್ಲಿ, ಅವನಿಗೆ 27 ವರ್ಷವಿದ್ದಾಗ, ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು. ಆದರೆ 2008ರಲ್ಲಿ ಸಾಯುವವರೆಗೆ ಅವನಲ್ಲಿ ಹೊಸ ನೆನಪು ನಿಲ್ಲಲೇ ಇಲ್ಲ. ಐದು ನಿಮಿಷದ ಹಿಂದೆ ಮಾತಾಡಿ ಹೋದವರು ತಿರುಗಿ ಬಂದರೆ ಅವನ ಪಾಲಿಗೆ ಹೊಸಬರು.

ಅವನ ವಿಷಯದಲ್ಲಿ ಕಡಿಮೆ ಜನರಿಗೆ ಗೊತ್ತಿರುವ ಸಂಗತಿ ಒಂದಿದೆ. ರಾತ್ರಿ ಊಟ ಮುಗಿಸಿದ ಒಂದು ನಿಮಿಷಕ್ಕೆ ಇನ್ನೊಂದು ತಟ್ಟೆ ಊಟ ಮುಂದಿಟ್ಟರು. ಅದನ್ನೂ ಅವನು ಹೆಚ್ಚುಕಡಿಮೆ ಪೂರ್ತಿ ತಿಂದ. ಮರೆವಿನ ತೊಂದರೆ ಇದ್ದ ಬೇರೆಯವರ ಮೇಲೂ 1990ರ ದಶಕದಲ್ಲಿ ಇಂಥದ್ದೇ ಪ್ರಯೋಗ ನಡೆಯಿತು. ಅವರೂ ಎರಡನೇ ಊಟ ಮಾಡಿದರು, ಮೂರನೆಯದಕ್ಕೂ ಕೈ ಹಾಕಿದರು. ಅಂದರೆ ‘ಹೊಟ್ಟೆ ತುಂಬಿತು, ಸಾಕು’ ಅನ್ನುವುದರಲ್ಲಿ ಹೊಟ್ಟೆಯ ಜೊತೆಗೆ ನೆನಪಿನ ಪಾಲೂ ಇದೆ. ಹಿಪೊಕ್ಯಾಂಪಸ್ ಕಲಿಕೆಯನ್ನೂ ನೋಡಿಕೊಳ್ಳುತ್ತದೆ, ಹಸಿವಿಗೆ ಲಗಾಮನ್ನೂ ಹಾಕುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಸಿಡ್ನಿಯ ಒಂದು ಪ್ರಯೋಗ ನೋಡಿ. ಅಲ್ಲಿನ ಮಕ್ವಾರಿ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ್ದು. 20ರಿಂದ 23 ವರ್ಷದ, ತೆಳ್ಳಗಿನ, ಆರೋಗ್ಯವಾಗಿದ್ದ, ಸಾಮಾನ್ಯವಾಗಿ ಚೆನ್ನಾಗಿ ಊಟ ಮಾಡುತ್ತಿದ್ದ 110 ಯುವಕ ಯುವತಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಎಂದಿನಂತೆ ತಿನ್ನಬೇಕು. ಇನ್ನೊಂದು ಗುಂಪಿಗೆ ಒಂದು ವಾರ ಸಿಹಿ ವಾಫಲ್, ಫಾಸ್ಟ್‌ಫುಡ್‌ನಂಥ ಕೊಬ್ಬು ಸಕ್ಕರೆ ಜಾಸ್ತಿ ಇರುವ ತಿನಿಸು. ಬರೀ ಒಂದು ವಾರ. ವಾರದ ಕೊನೆಗೆ ಹಿಪೊಕ್ಯಾಂಪಸ್‌ಗೆ ಕೆಲಸ ಕೊಡುವ ಕಲಿಕೆ ಮತ್ತು ನೆನಪಿನ ಪರೀಕ್ಷೆಯಲ್ಲಿ ಎರಡನೇ ಗುಂಪು ಹಿಂದೆ ಬಿತ್ತು. ಹೊಟ್ಟೆ ತುಂಬಾ ತಿಂದ ಮೇಲೂ ಕುರುಕಲು ತೋರಿಸಿದರೆ ‘ಬೇಕು’ ಅನ್ನುವುದು ಅವರಲ್ಲಿ ಜಾಸ್ತಿಯಾಯಿತು. ನೆನಪು ಯಾರಲ್ಲಿ ಹೆಚ್ಚು ಕುಗ್ಗಿತ್ತೋ ಅವರಲ್ಲೇ ಈ ‘ಬೇಕು’ ಹೆಚ್ಚಿತ್ತು.

ಈ ಪ್ರಯೋಗ ನನ್ನನ್ನು ಬಹಳ ಕಾಡಿದೆ. ಹಾಸ್ಟೆಲಿನಲ್ಲಿ ಓದುವ ನಮ್ಮ ಮಕ್ಕಳ ಪರೀಕ್ಷೆ ತಿಂಗಳನ್ನು ನೆನೆಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಗೋಬಿ ಮಂಚೂರಿ, ನಡುರಾತ್ರಿ ಚಿಪ್ಸ್, ಬೆಳಗ್ಗೆ ಟೀ ಜೊತೆ ಕ್ರೀಮ್ ಬಿಸ್ಕೆಟ್. ಅತಿ ಹೆಚ್ಚು ಕಲಿಯಬೇಕಾದ ವಾರದಲ್ಲೇ ಕಲಿಯುವ ಜಾಗಕ್ಕೆ ಅತಿ ಕೆಟ್ಟ ಊಟ. ಜೊತೆಗೆ ನಿದ್ದೆಯೂ ಇಲ್ಲ. ನಿದ್ದೆಗೆಟ್ಟರೆ ಇನ್ಸುಲಿನ್ ಕೆಲಸವೂ ಕೆಡುತ್ತದೆ, ಹಗಲು ಓದಿದ್ದು ಗಟ್ಟಿಯಾಗುವುದೂ ತಪ್ಪುತ್ತದೆ.

ಇನ್ಸುಲಿನ್‌ಗೆ ತಲೆಯಲ್ಲಿ ಏನು ಕೆಲಸ?

ಇನ್ಸುಲಿನ್ ಅಂದರೆ ರಕ್ತದ ಸಕ್ಕರೆಯನ್ನು ಸ್ನಾಯುವಿನೊಳಗೆ ಸೇರಿಸುವ ಬೀಗದ ಕೈ ಅಂತ ಶಾಲೆಯಲ್ಲಿ ಓದಿದ್ದೇವೆ. ಮಿದುಳಿನ ಕಥೆ ಬೇರೆ. ಅಲ್ಲಿಗೆ ಗ್ಲೂಕೋಸ್ ಹೋಗಲು ಬಹುಮಟ್ಟಿಗೆ ಇನ್ಸುಲಿನ್ ಬೇಕಿಲ್ಲ. ಆದರೂ ಹಿಪೊಕ್ಯಾಂಪಸ್ ತುಂಬಾ ಇನ್ಸುಲಿನ್ನನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಯಾಕೆ?

ಅಲ್ಲಿ ಇನ್ಸುಲಿನ್ ಸುದ್ದಿ ತರುವ ಹುಡುಗನ ಕೆಲಸ ಮಾಡುತ್ತದೆ. ‘ಊಟ ಬಂದಿದೆ, ಶಕ್ತಿಯಿದೆ, ಕೆಲಸ ಮುಂದುವರಿಸಿ’ ಅನ್ನುವ ಸುದ್ದಿ. ಹೊಸದೇನನ್ನಾದರೂ ಕಲಿತಾಗ ಎರಡು ನರಕೋಶಗಳ ನಡುವಿನ ಸೇತುವೆ ಗಟ್ಟಿಯಾಗುತ್ತದೆ. ಆ ಗಟ್ಟಿಯಾಗುವ ಕೆಲಸಕ್ಕೆ ಇನ್ಸುಲಿನ್ ಕೈ ಜೋಡಿಸುತ್ತದೆ. ದಿನಕ್ಕೆ ಐದಾರು ಸಲ ಸಿಹಿ, ಮೈದಾ, ಬಿಳಿ ಅನ್ನ ಬೀಳುತ್ತಲೇ ಇದ್ದರೆ ದೇಹದಲ್ಲಿ ಇನ್ಸುಲಿನ್ ಯಾವಾಗಲೂ ಮೇಲೇ ಇರುತ್ತದೆ. ಬಾಗಿಲು ಬಡಿದು ಬಡಿದು ಮನೆಯವರು ಕೇಳಿಸಿಕೊಳ್ಳುವುದನ್ನೇ ಬಿಟ್ಟ ಹಾಗೆ, ಕೋಶಗಳು ಅದರ ಮಾತಿಗೆ ಕಿವಿಗೊಡುವುದನ್ನು ನಿಲ್ಲಿಸುತ್ತವೆ. ಇದಕ್ಕೇ ಇನ್ಸುಲಿನ್ ಪ್ರತಿರೋಧ ಅನ್ನುವುದು. ಸ್ನಾಯು, ಯಕೃತ್ತಿನಲ್ಲಿ ಆಗುವ ಈ ಕಿವುಡು ಮಿದುಳಿನಲ್ಲೂ ಆಗುತ್ತದೆ.

ಇನ್ನೊಂದು ಕೊಂಡಿಯೂ ಇದೆ. ಮರೆವು ಬೆಳೆಯುತ್ತಲೇ ಹೋಗುವ ಆಲ್ಜೈಮರ್ಸ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟು ಕಟ್ಟುತ್ತದೆ. ಅದನ್ನು ಒಡೆದು ಹಾಕುವ ಕಿಣ್ವಗಳಲ್ಲಿ ಒಂದು, ಇನ್ಸುಲಿನ್ನನ್ನೂ ಒಡೆಯುತ್ತದೆ. ಇನ್ಸುಲಿನ್ ರಾಶಿ ಬಿದ್ದಿದ್ದರೆ ಆ ಕಿಣ್ವ ಅದರಲ್ಲೇ ಮುಳುಗಿ, ಅಮಿಲಾಯ್ಡ್ ಹಾಗೇ ಉಳಿದುಬಿಡಬಹುದು ಎನ್ನುವುದು ಒಂದು ವಾದ. 2005ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸುಝಾನ್ ಡಿ ಲಾ ಮಾಂಟೆ ಮತ್ತು ಜೊತೆಗಾರರು ಆಲ್ಜೈಮರ್ಸ್ ಅನ್ನು ‘ಮೂರನೇ ಬಗೆಯ ಡಯಾಬಿಟಿಸ್’ ಅಂತ ಕರೆಯಬಹುದೇ ಅಂತ ಕೇಳಿದರು. ಈಗ ವಾಟ್ಸಾಪ್‌ನಲ್ಲಿ ಈ ಹೆಸರು ಖಚಿತ ಸತ್ಯದ ಹಾಗೆ ಓಡಾಡುತ್ತದೆ. ವೈದ್ಯಕೀಯದಲ್ಲಿ ಅಂಥ ಕಾಯಿಲೆ ಅಂತ ಅಧಿಕೃತವಾಗಿ ಒಪ್ಪಿಕೊಂಡಿಲ್ಲ. ಅದೊಂದು ಸುಳಿವು ಅಂತ ಇಟ್ಟುಕೊಳ್ಳಿ.

ಸಣ್ಣ ರಕ್ತನಾಳಗಳ ವಿಷಯದಲ್ಲಿ ಮಾತ್ರ ಅನುಮಾನವೇ ಇಲ್ಲ. ಜಾಸ್ತಿ ಸಕ್ಕರೆ ಕಣ್ಣಿನ, ಕಿಡ್ನಿಯ ಕೂದಲೆಳೆ ನಾಳಗಳನ್ನು ಹಾಳು ಮಾಡುವಂತೆಯೇ ಮಿದುಳಿನವನ್ನೂ ಹಾಳು ಮಾಡುತ್ತದೆ. ಬಿಪಿಯೂ ಸೇರಿದರೆ ಇನ್ನೂ ಬೇಗ. ಎಲ್ಲೋ ಒಂದು ಅಕ್ಕಿಕಾಳಿನಷ್ಟು ಜಾಗಕ್ಕೆ ರಕ್ತ ನಿಲ್ಲುತ್ತದೆ. ಕೈಕಾಲು ಬೀಳುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ. ಯಾರಿಗೂ ಗೊತ್ತಾಗುವುದೇ ಇಲ್ಲ. ಇಂಥವು ಒಂದೊಂದಾಗಿ ಸೇರಿ, ಲೆಕ್ಕ ಹಾಕುವುದು, ಯೋಚಿಸುವುದು, ನೆನಪು ತೆಗೆಯುವುದು ನಿಧಾನವಾಗುತ್ತವೆ.

ಕಾಯಿಲೆ ಯಾವ ವಯಸ್ಸಿಗೆ ಬಂತು?

1999ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಿಂದ ಬಂದ ಅಧ್ಯಯನ ಮೊದಲು ಗಮನ ಸೆಳೆಯಿತು. ಆರು ಸಾವಿರಕ್ಕೂ ಹೆಚ್ಚು ಹಿರಿಯರನ್ನು ವರ್ಷಗಳ ಕಾಲ ಗಮನಿಸಿದಾಗ, ಸಕ್ಕರೆ ಕಾಯಿಲೆ ಇದ್ದವರಿಗೆ ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಸ್ಥಿತಿ ಬರುವ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು ಇತ್ತು. 2013ರಲ್ಲಿ ಅಮೆರಿಕದ ಸಿಯಾಟಲ್‌ನಿಂದ ಬಂದದ್ದು ಇನ್ನೂ ಸೂಕ್ಷ್ಮ. ಅದು ಸಕ್ಕರೆ ಕಾಯಿಲೆ ಇಲ್ಲದವರನ್ನೂ ನೋಡಿತು. ರಕ್ತದ ಸರಾಸರಿ ಗ್ಲೂಕೋಸ್ ಡೆಸಿಲೀಟರ್‌ಗೆ 100 ಮಿಲಿಗ್ರಾಂ ಇದ್ದವರಿಗೆ ಹೋಲಿಸಿದರೆ 115 ಇದ್ದವರಲ್ಲಿ ಡಿಮೆನ್ಶಿಯಾ ಅಪಾಯ ಶೇ 18ರಷ್ಟು ಹೆಚ್ಚು. ನಾವು ‘ಬಾರ್ಡರ್, ಪರವಾಗಿಲ್ಲ’ ಅಂತ ಕಾಗದ ಮಡಚಿಡುವ ಮಟ್ಟದ ಸುತ್ತಲಿನದೇ ಈ ಸಂಖ್ಯೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬ್ರಿಟನ್‌ನ ವೈಟ್‌ಹಾಲ್ ಅಧ್ಯಯನ. ಹತ್ತು ಸಾವಿರ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿ, 2021ರಲ್ಲಿ ಈ ಲೆಕ್ಕ ಕೊಟ್ಟರು. 70ನೇ ವಯಸ್ಸಿನಲ್ಲಿ ಇರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಇನ್ನೊಬ್ಬರಿಗೆ ಹತ್ತು ವರ್ಷಕ್ಕಿಂತ ಹಿಂದೆಯೇ, ಅಂದರೆ 60 ದಾಟುವ ಮುಂಚೆಯೇ ಬಂದಿದೆ. ಎರಡನೆಯವರಿಗೆ ಡಿಮೆನ್ಶಿಯಾ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ. 65 ದಾಟಿದ ಮೇಲೆ ಕಾಯಿಲೆ ಬಂದಿದ್ದರೆ ಅಪಾಯ ಅಷ್ಟಾಗಿ ಏರಿರಲಿಲ್ಲ. ಎಷ್ಟು ಎಳೆಯ ವಯಸ್ಸಿಗೆ ಬರುತ್ತದೋ ಅಷ್ಟು ಹೊರೆ.

ಈಗ ನಮ್ಮ ಕಡೆ ತಿರುಗಿ ನೋಡಿ. ಯುರೋಪಿನವರಿಗಿಂತ ನಮಗೆ ಸಕ್ಕರೆ ಕಾಯಿಲೆ ಸುಮಾರು ಒಂದು ದಶಕ ಮುಂಚೆಯೇ ಬರುತ್ತದೆ. ನಲವತ್ತರ ಒಳಗೇ ಮಾತ್ರೆ ಶುರು ಮಾಡಿದವರು ನಮ್ಮ ಪ್ರತಿ ಆಫೀಸಿನಲ್ಲೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜು ಹೀಗಿದೆ: ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಬಾರ್ಡರ್‌ನಲ್ಲಿರುವವರು 13.6 ಕೋಟಿ. ಅದೇ ವರ್ಷ ಬಂದ ಇನ್ನೊಂದು ಅಂದಾಜಿನ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ. ಬ್ರಿಟನ್‌ನ ಲೆಕ್ಕ ನಮಗೆ ಹಾಗೇ ಹೊಂದುತ್ತದೆ ಅಂತ ಹೇಳಲಾಗದು. ಆದರೂ ಮೊದಲ ಎರಡು ಸಂಖ್ಯೆಗಳು ಮುಂದಿನ ಇಪ್ಪತ್ತು ವರ್ಷದಲ್ಲಿ ಮೂರನೆಯದನ್ನು ಎಲ್ಲಿಗೆ ತಳ್ಳಬಹುದು ಅಂತ ಯೋಚಿಸಿದರೆ ಎದೆ ಝಲ್ ಅನ್ನುತ್ತದೆ.

ಹಾಗಂತ ಸಕ್ಕರೆ ಇಳಿಸಿದರೆ ನೆನಪು ಮರಳುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಇಲ್ಲಿ ವಿಜ್ಞಾನ ಹಲವು ಸಲ ಎಡವಿದೆ. ಸಕ್ಕರೆ ಕಾಯಿಲೆಯವರಲ್ಲಿ ತುಂಬಾ ಬಿಗಿಯಾಗಿ ಗ್ಲೂಕೋಸ್ ಇಳಿಸಿ ನೋಡಿದ ದೊಡ್ಡ ಪ್ರಯೋಗದಲ್ಲಿ ಮೂರೂವರೆ ವರ್ಷ ಹತ್ತಿರವಾದರೂ ನೆನಪು, ಯೋಚನೆ ಸುಧಾರಿಸಲಿಲ್ಲ. ಸೊಪ್ಪು, ಕಾಳು, ಬೀಜಗಳಿಗೆ ಒತ್ತು ಕೊಡುವ ‘ಮೈಂಡ್’ ಆಹಾರ ಕ್ರಮವನ್ನು 604 ಹಿರಿಯರ ಮೇಲೆ ಮೂರು ವರ್ಷ ಪರೀಕ್ಷಿಸಿದರು. 2023ರಲ್ಲಿ ಫಲಿತಾಂಶ ಬಂತು. ಸುಮ್ನೆ ಸ್ವಲ್ಪ ಕಡಿಮೆ ತಿಂದ ಇನ್ನೊಂದು ಗುಂಪಿಗಿಂತ ಇವರು ಹೇಳಿಕೊಳ್ಳುವಷ್ಟು ಮುಂದಿರಲಿಲ್ಲ. ಶುಗರ್, ತೂಕ ಇಳಿಸಲು ಕೊಡುವ, ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಔಷಧವನ್ನು ಆಲ್ಜೈಮರ್ಸ್ ಆರಂಭದಲ್ಲಿದ್ದವರಿಗೆ ಕೊಟ್ಟು ನೋಡಿದರು. ಕಾಯಿಲೆಯ ವೇಗ ತಗ್ಗಲಿಲ್ಲ ಅಂತ 2025ರ ನವೆಂಬರ್‌ನಲ್ಲಿ ಕಂಪನಿಯೇ ಹೇಳಿತು.

ಇದನ್ನೆಲ್ಲ ಒಟ್ಟಿಗೆ ಓದಿದಾಗ ನನಗೆ ಕಾಣುವುದು ಹೊತ್ತಿನ ಪ್ರಶ್ನೆ. ಇಪ್ಪತ್ತು ವರ್ಷ ಹದಗೆಟ್ಟದ್ದನ್ನು ಎಪ್ಪತ್ತನೇ ವಯಸ್ಸಿನಲ್ಲಿ ಒಂದು ಮಾತ್ರೆ ಅಥವಾ ಒಂದು ಡಯಟ್ ಸರಿ ಮಾಡಲಿ ಅಂತ ಬಯಸುತ್ತಿದ್ದೇವೆ. ಹಲವು ಬದಲಾವಣೆ ಒಟ್ಟಿಗೆ ಮಾಡಿದಾಗ ಚಿತ್ರ ಸ್ವಲ್ಪ ಬೇರೆ. ಫಿನ್ಲೆಂಡ್‌ನಲ್ಲಿ 60ರಿಂದ 77 ವರ್ಷದ 1,260 ಜನರಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷ ಊಟ, ವ್ಯಾಯಾಮ, ಮಿದುಳಿಗೆ ಕಸರತ್ತು, ಬಿಪಿ ಶುಗರ್ ನಿಗಾ ಎಲ್ಲವನ್ನೂ ಸೇರಿಸಿ ಕೊಟ್ಟರು. 2015ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಒಟ್ಟಾರೆ ಯೋಚನಾ ಸಾಮರ್ಥ್ಯ ಇತರರಿಗಿಂತ ಹೆಚ್ಚು ಸುಧಾರಿಸಿತ್ತು. 2025ರಲ್ಲಿ ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇಂಥದ್ದೇ ಪ್ರಯೋಗ ಮಾಡಿದಾಗಲೂ ದಿಕ್ಕು ಅದೇ ಇತ್ತು.

ಹನ್ನೊಂದು ಗಂಟೆಯ ತರಗತಿ

ನನ್ನ ಅಕ್ಕ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಗಣಿತವನ್ನು ಊಟಕ್ಕೆ ಮುಂಚಿನ ಕೊನೇ ಪೀರಿಯಡ್‌ಗೆ ಅವಳು ಯಾವತ್ತೂ ಇಟ್ಟುಕೊಳ್ಳುವುದಿಲ್ಲ. ‘ಹನ್ನೊಂದೂವರೆ ಆದರೆ ಮಕ್ಕಳ ಕಣ್ಣು ಬೋರ್ಡಿನ ಮೇಲಿರಲ್ಲ, ಅಡುಗೆಮನೆ ಬಾಗಿಲ ಮೇಲಿರುತ್ತೆ’ ಅನ್ನುತ್ತಾಳೆ. ಬೆಳಗ್ಗೆ ಏನು ತಿಂದೆ ಅಂತ ಕೇಳಿದರೆ ‘ಟೀ’ ಅನ್ನುವ ಮಕ್ಕಳು ಪ್ರತಿ ವರ್ಷ ಇರುತ್ತಾರಂತೆ. ಟೀಗೆ ಇನ್ನೊಂದು ದೋಷವಿದೆ. ಊಟದ ಜೊತೆ ಕುಡಿದರೆ ಅದರ ಒಗರು ಆಹಾರದ ಕಬ್ಬಿಣವನ್ನು ದೇಹಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ.

ಕಬ್ಬಿಣದ ಮಾತು ಇಲ್ಲಿ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಇಬ್ಬರಿಗೆ ರಕ್ತಹೀನತೆ. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಬ್ಬಿಣ ಬೇಕಾದ್ದು ರಕ್ತಕ್ಕೆ ಮಾತ್ರ ಅಂದುಕೊಂಡಿದ್ದೇವೆ. ನರದ ತಂತಿಗಳಿಗೆ ಹೊದಿಕೆ ಕಟ್ಟಲು, ಗಮನ ಮತ್ತು ಹುರುಪಿಗೆ ಬೇಕಾದ ಡೋಪಮೈನ್ ತಯಾರಿಸಲು ಕೂಡ ಅದು ಬೇಕು. ಈ ಕಟ್ಟುವ ಕೆಲಸ ಮೊದಲ ಎರಡು ಮೂರು ವರ್ಷಗಳಲ್ಲಿ ಭರದಿಂದ ನಡೆಯುತ್ತದೆ. ಆಗ ತಪ್ಪಿದ್ದನ್ನು ಆಮೇಲೆ ಪೂರ್ತಿಯಾಗಿ ತುಂಬಿಕೊಡುವುದು ಕಷ್ಟ.

ನಮ್ಮಲ್ಲಿ ಒಳ್ಳೆಯದೂ ಆಗಿದೆ, ಅದನ್ನು ಹೇಳಲೇಬೇಕು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಬಿಸಿಯೂಟ ಕೊಡಿ ಅಂತ ಆದೇಶಿಸಿತು. ಕರ್ನಾಟಕದಲ್ಲಿ 2002–03ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು. ಅಕ್ಷರ ಮತ್ತು ದಾಸೋಹ ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದವರು ಯಾರೋ, ಅವರಿಗೆ ವಿಷಯ ಅರ್ಥವಾಗಿತ್ತು. ದೇಶದ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಮಕ್ಕಳ ಅಂಕಿ ಅಂಶ ನೋಡಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ವರ್ಷದವರೆಗೆ ಬಿಸಿಯೂಟ ಸಿಕ್ಕ ಮಕ್ಕಳು ಒಂದು ವರ್ಷವೂ ಸಿಗದ ಮಕ್ಕಳಿಗಿಂತ ಓದುವುದರಲ್ಲಿ ಶೇ 18ರಷ್ಟು, ಗಣಿತದಲ್ಲಿ ಶೇ 9ರಷ್ಟು ಮುಂದಿದ್ದರು. ಅನ್ನ ಸಾರಿನಿಂದ ಬಂದ ಫಲ ಇದು.

2013ರಲ್ಲಿ ಕ್ಷೀರಭಾಗ್ಯ ಬಂತು. 2021ರ ಕೊನೆಗೆ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಮಕ್ಕಳ ತಟ್ಟೆಗೆ ಮೊಟ್ಟೆ ಬಂತು, ದೊಡ್ಡ ಗಲಾಟೆಯೂ ಆಯಿತು. ಈಗ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಮೊದಲು ಚಿಕ್ಕಿಯೂ ಇತ್ತು. ಗಲಾಟೆಯ ನಡುವೆ ಮರೆತು ಹೋದದ್ದು ಮೊಟ್ಟೆಯಲ್ಲಿ ಏನಿದೆ ಅನ್ನುವುದು. ಒಳ್ಳೆ ಪ್ರೋಟೀನಿನ ಜೊತೆಗೆ ಬಿ12 ಇದೆ, ಕೋಲಿನ್ ಇದೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಮಿದುಳು ಈ ಕೋಲಿನ್‌ನಿಂದಲೇ ಮಾಡಿಕೊಳ್ಳುತ್ತದೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಅದಕ್ಕೆ ಸಮ ಆಗುವುದಿಲ್ಲ. ಶೇಂಗಾ ಚಿಕ್ಕಿ ಪರವಾಗಿಲ್ಲ, ಹಾಲೂ ಜೊತೆಗಿರಬೇಕು. ಇದನ್ನು ಯಾರ ಮನಸ್ಸನ್ನೂ ನೋಯಿಸದೆ ಹೇಳಬಹುದು, ಹೇಳಬೇಕು.

ಇನ್ನೂ ಹಿಂದಕ್ಕೆ ಹೋದರೆ, ಕಲಿಕೆಯ ಕಥೆ ಮಗು ಹುಟ್ಟುವ ಮುಂಚೆಯೇ ಶುರುವಾಗುತ್ತದೆ. ಇದಕ್ಕೆ ಜಗತ್ತಿನಲ್ಲೇ ಒಳ್ಳೆಯ ಸಾಕ್ಷಿಗಳಲ್ಲಿ ಒಂದು ನಮ್ಮ ಮೈಸೂರಿನದು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮೈಸೂರಿನ ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1997–98ರಲ್ಲಿ ಗರ್ಭಿಣಿಯರ ರಕ್ತ ತೆಗೆದಿಟ್ಟು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ ಕಲಿಕೆ, ನೆನಪು, ಮಾತು, ಗಮನ ಎಲ್ಲವನ್ನೂ ಅಳೆದರು. 536 ತಾಯಂದಿರ ಲೆಕ್ಕ ಅದು. ಬಸುರಿಯಲ್ಲಿ ಯಾರ ರಕ್ತದಲ್ಲಿ ಫೋಲೇಟ್ ಹೆಚ್ಚಿತ್ತೋ ಅವರ ಮಕ್ಕಳು ಸ್ವಲ್ಪ ಮುಂದಿದ್ದರು. ಅಂತರ ಭಾರಿ ದೊಡ್ಡದಲ್ಲ, ಆದರೆ ಇತ್ತು. ಫೋಲೇಟ್ ಅಂದರೆ ಸೊಪ್ಪು, ಕಾಳು.

ಅದೇ ಮಕ್ಕಳಲ್ಲಿ ಇನ್ನೊಂದು ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಬಸುರಿಯಲ್ಲಿ ಶುಗರ್ ಬಂದಿದ್ದ ತಾಯಂದಿರ ಮಕ್ಕಳು ಕೆಲವು ಪರೀಕ್ಷೆಗಳಲ್ಲಿ ಹಿಂದೆ ಬೀಳುವ ಬದಲು ಮುಂದೆ ಬಂದರು. ಅಂಥ ಮಕ್ಕಳು ಇದ್ದದ್ದು 32 ಮಾತ್ರ. ಸಣ್ಣ ಸಂಖ್ಯೆಯಿಂದ ದೊಡ್ಡ ಮಾತು ಹೇಳಬಾರದು. ಆದರೂ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ‘ಶುಗರ್ ಇದ್ದ ತಾಯಿಯ ಮಗು ದಡ್ಡ ಆಗುತ್ತೆ’ ಅಂತ ಯಾರೋ ಹೆದರಿಸಿದ್ದನ್ನು ಕೇಳಿ ಅತ್ತ ಗರ್ಭಿಣಿಯರನ್ನು ನಾನು ನೋಡಿದ್ದೇನೆ.

ತಟ್ಟೆಯ ವಿಷಯ

ಚಿಕ್ಕಮ್ಮನ ತಟ್ಟೆಗೆ ಬರೋಣ. ಮಧ್ಯಾಹ್ನ ಒಂದು ಗಂಟೆ. ಸೋನಾಮಸೂರಿ ಅನ್ನ ತಟ್ಟೆಯ ಮುಕ್ಕಾಲು ಭಾಗ. ತಿಳಿಸಾರು. ಮೂಲೆಯಲ್ಲಿ ಎರಡು ಚಮಚ ಬೀನ್ಸ್ ಪಲ್ಯ. ಆಮೇಲೆ ಮಜ್ಜಿಗೆಗೆ ಮತ್ತೊಂದಿಷ್ಟು ಅನ್ನ, ಉಪ್ಪಿನಕಾಯಿ. ಎರಡು ಗಂಟೆಗೆ ಕಣ್ಣು ಎಳೆಯುತ್ತದೆ. ನಾಲ್ಕಕ್ಕೆ ಸಕ್ಕರೆ ಹಾಕಿದ ಕಾಫಿ, ಎರಡು ಬಿಸ್ಕೆಟ್. ಇದರಲ್ಲಿ ಕೆಟ್ಟ ಚಟ ಯಾವುದೂ ಇಲ್ಲ. ಲಕ್ಷಾಂತರ ಮನೆಗಳ ಊಟ ಇದೇ.

2025ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಆಹಾರದ ಭಾಗ ಇದನ್ನೇ ಸಂಖ್ಯೆಯಲ್ಲಿ ಹೇಳುತ್ತದೆ. ಭಾರತೀಯರ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಸಿರಿಧಾನ್ಯ ಇನ್ನೂ ಮುಖ್ಯ ಆಹಾರವಾಗಿ ಉಳಿದಿರುವ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು ಅಂತ ಓದಿ ಖುಷಿಯಾಯಿತು. ಮುಂದಿನ ಸಾಲು ಓದಿದಾಗ ಆ ಖುಷಿಗೆ ಕಡಿವಾಣ ಬಿತ್ತು. ಅಕ್ಕಿ, ಮೈದಾದ ಜಾಗಕ್ಕೆ ಗೋಧಿ ಹಿಟ್ಟು, ರಾಗಿ ಹಿಟ್ಟು ತಂದು, ಒಟ್ಟು ಪಿಷ್ಟ ಅಷ್ಟೇ ಇಟ್ಟರೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯಲಿಲ್ಲ. ಪಿಷ್ಟದ ಒಂದು ಸಣ್ಣ ಪಾಲನ್ನು ಬೇಳೆ, ಹಾಲು ಮೊಸರು, ಮೊಟ್ಟೆ, ಮೀನಿನ ಪ್ರೋಟೀನಿಗೆ ಬದಲಿಸಿದಾಗ ಇಳಿಯಿತು. ಹಳೇ ಮೈಸೂರಿನ ಕಡೆಯವನಾಗಿ ಹೇಳುತ್ತೇನೆ, ರಾಗಿ ಅಂದರೆ ನನಗೂ ಅಭಿಮಾನ. ಆದರೆ ಶುಗರ್ ಇದೆ ಅಂತ ಮೂರು ಮುದ್ದೆ ತಿಂದರೆ ಉಪಯೋಗವಿಲ್ಲ. ಒಂದು ಮುದ್ದೆ, ಬಟ್ಟಲು ತುಂಬಾ ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಸೊಪ್ಪಿನ ಪಲ್ಯ ಅಂದರೆ ಮಾತು ಬೇರೆ.

ನಮ್ಮ ಬಾಳೆಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರೆ, ಅನ್ನ ಆಮೇಲೆ ಬರುತ್ತದೆ. ಅನ್ನ ಬರುವವರೆಗೆ ಕಾಯುವಷ್ಟು ಹೊತ್ತಿನಲ್ಲಿ ಕೋಸಂಬರಿ ತಿಂದು ಮುಗಿಸಿದರೆ ಲಾಭವಿದೆ. ನ್ಯೂಯಾರ್ಕ್‌ನಲ್ಲಿ 2015ರಲ್ಲಿ ನಡೆದ ಸಣ್ಣ ಅಧ್ಯಯನವೊಂದರಲ್ಲಿ ಹನ್ನೊಂದು ಜನ ಅದೇ ಊಟವನ್ನು ಎರಡು ಕ್ರಮದಲ್ಲಿ ತಿಂದರು. ತರಕಾರಿ, ಪ್ರೋಟೀನು ಮೊದಲು ತಿಂದು ಪಿಷ್ಟ ಕೊನೆಗೆ ತಿಂದ ದಿನ ರಕ್ತದ ಸಕ್ಕರೆಯ ಏರಿಕೆ ಬಹಳ ಕಡಿಮೆ ಇತ್ತು. ಊಟ ಆದ ಮೇಲೆ ಹತ್ತು ನಿಮಿಷ ನಡೆದರೂ ಏರಿಕೆ ತಗ್ಗುತ್ತದೆ. ನಡಿಗೆಗೆ ಇನ್ನೊಂದು ಲಾಭವೂ ಇದೆ. 2011ರಲ್ಲಿ 120 ಹಿರಿಯರ ಮೇಲೆ ನಡೆದ ಪ್ರಯೋಗದಲ್ಲಿ, ಒಂದು ವರ್ಷ ವಾರಕ್ಕೆ ಮೂರು ದಿನ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್ ಶೇ 2ರಷ್ಟು ದೊಡ್ಡದಾಯಿತು. ಮೈ ಬಗ್ಗಿಸುವ ವ್ಯಾಯಾಮ ಮಾತ್ರ ಮಾಡಿದವರದ್ದು ಸ್ವಲ್ಪ ಕುಗ್ಗಿತು.

ನೆನಪಿನ ಟಾನಿಕ್ಕು, ಪುಡಿ, ಕ್ಯಾಪ್ಸೂಲ್‌ಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮಗುವಿಗೆ ಬೆಳಗ್ಗೆ ತಿಂಡಿ ಕೊಡದೆ ತಿಂಗಳಿಗೆ ಸಾವಿರಾರು ರೂಪಾಯಿ ಮೆಮೊರಿ ಪೌಡರ್‌ಗೆ ಸುರಿಯುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯ ಮಾತು. ಒಂದೆಲಗದ ತಂಬುಳಿ ಮಾಡಿಕೊಳ್ಳಿ, ಊಟಕ್ಕೆ ರುಚಿ, ಮಜ್ಜಿಗೆ ಸೊಪ್ಪು ಎರಡೂ ಸೇರುತ್ತವೆ. ಅದೊಂದರಿಂದಲೇ ನೆನಪು ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ.

ಎರಡು ವಿಷಯ ಮಾತ್ರ ಮನೆಯ ಹಿರಿಯರ ಸಲುವಾಗಿ ನೆನಪಿಡಿ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಬಿ12 ಇಳಿಯಬಹುದು. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ. ಬಿ12 ಕೊರತೆಯ ಮರೆವು ನೋಡಲು ಡಿಮೆನ್ಶಿಯಾದಂತೆಯೇ ಇರುತ್ತದೆ, ಬೇಗ ಗುರುತಿಸಿದರೆ ಇಂಜೆಕ್ಷನ್, ಮಾತ್ರೆಯಿಂದ ಸುಧಾರಿಸುತ್ತದೆ. ಒಂದು ಸರಳ ರಕ್ತ ಪರೀಕ್ಷೆ ಸಾಕು. ಎರಡನೆಯದು, ಸಕ್ಕರೆ ತೀರಾ ಇಳಿಯುವುದೂ ಮಿದುಳಿಗೆ ಪೆಟ್ಟು. ಆಸ್ಪತ್ರೆಗೆ ಓಡಬೇಕಾದಷ್ಟು ಲೋ ಶುಗರ್ ಆದ ಹಿರಿಯರಲ್ಲಿ ಡಿಮೆನ್ಶಿಯಾ ಅಪಾಯ ಹೆಚ್ಚಿತ್ತು ಅಂತ 2009ರ ದೊಡ್ಡ ಅಧ್ಯಯನ ತೋರಿಸಿದೆ. ಮಾತ್ರೆ ತಗೊಂಡೆನಾ ಇಲ್ವಾ ಅಂತ ಮರೆತು ಇನ್ನೊಮ್ಮೆ ನುಂಗುವವರಿಗೆ ಇದು ಸುಲಭವಾಗಿ ಆಗಿಬಿಡುತ್ತದೆ. ಎಂಬತ್ತು ವರ್ಷದವರ ಶುಗರ್ ನಲವತ್ತರವರ ಮಟ್ಟಕ್ಕೆ ಬರಲೇಬೇಕು ಅಂತ ಹಟ ಹಿಡಿಯಬೇಡಿ, ವೈದ್ಯರನ್ನು ಕೇಳಿ.

ಒಂದೇ ಜಿಲ್ಲೆ, ಬೇರೆ ಬೇರೆ ಮೇಜು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಅಂದರೆ ನಮಗೆ ಮಾವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರಿಗೆ ಅದು ಇನ್ನೊಂದು ಕಾರಣಕ್ಕೆ ಮುಖ್ಯ. ಅಲ್ಲಿನ ಹಳ್ಳಿಗಳ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ರಕ್ತ, ಬಿಪಿ, ಮಿದುಳಿನ ಚಿತ್ರ, ನೆನಪು ಎಲ್ಲವನ್ನೂ ಒಟ್ಟಿಗೆ ದಾಖಲಿಸುವ ಕೆಲಸ ನಡೆಯುತ್ತಿದೆ. ಶಾಲೆಗೇ ಹೋಗದವರ ನೆನಪನ್ನು ಅಳೆಯುವುದು ಸುಲಭವಲ್ಲ. ಗಡಿಯಾರದ ಚಿತ್ರ ಬಿಡಿಸಿ ಅಂತ ಪೆನ್ಸಿಲ್ ಹಿಡಿಯದ ಕೈಗೆ ಹೇಳುವುದು ಹೇಗೆ? ಪಶ್ಚಿಮದ ಪರೀಕ್ಷೆಗಳನ್ನು ಹಾಗೇ ತಂದರೆ ಅಕ್ಷರ ಗೊತ್ತಿಲ್ಲದ್ದೇ ಮರೆವಾಗಿ ಕಾಣುತ್ತದೆ. ಇಂಥ ಕೆಲಸದಿಂದ ನಾಳೆ ಬರುವ ಉತ್ತರಗಳು ನಮ್ಮ ಮುದ್ದೆ, ಅನ್ನ ತಿಂದವರ ಉತ್ತರಗಳು.

ಅದೇ ಕೋಲಾರದಲ್ಲಿ 2024ರಲ್ಲಿ ರಾಜ್ಯ ಸರ್ಕಾರ ಗೃಹ ಆರೋಗ್ಯ ಯೋಜನೆ ಶುರು ಮಾಡಿತು. ಆರೋಗ್ಯ ಕಾರ್ಯಕರ್ತರು ಮನೆ ಬಾಗಿಲಿಗೆ ಬಂದು 30 ದಾಟಿದವರ ಶುಗರ್, ಬಿಪಿ ನೋಡುತ್ತಾರೆ. ಅದಕ್ಕೂ ಮುಂಚೆ ನಿಮ್ಹಾನ್ಸ್ ಜೊತೆಗೂಡಿ ಮಿದುಳು ಆರೋಗ್ಯ ಉಪಕ್ರಮವೂ ಕೋಲಾರ ಸೇರಿ ಕೆಲವು ಕಡೆ ಪ್ರಯೋಗವಾಗಿ ಬಂದಿತ್ತು. ಎರಡೂ ಒಳ್ಳೆಯ ಕೆಲಸ. ನನ್ನ ಬೇಡಿಕೆ ಒಂದೇ. ಇವೆರಡರ ಮೇಜನ್ನು ಪಕ್ಕಪಕ್ಕ ಹಾಕಿ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಬರೆಯುವ ಕೈ, ‘ಮರೆವು ಇದೆಯಾ, ದುಡ್ಡಿನ ಲೆಕ್ಕ ತಪ್ಪುತ್ತಿದೆಯಾ’ ಅಂತಲೂ ಕೇಳಲಿ. ಮರೆವು ಅಂತ ಬಂದವರ ಶುಗರ್, ಬಿಪಿ, ಬಿ12, ಥೈರಾಯ್ಡ್ ಅದೇ ದಿನ ನೋಡಲಿ. 45 ವರ್ಷದವರಿಗೆ ‘ಕಾಲು ಕೊಳೆಯುತ್ತೆ’ ಅಂತ ಹೆದರಿಸಿದರೆ ನಾಟುವುದಿಲ್ಲ. ನಿಮ್ಮ ನೆನಪಿನ ವಿಷಯ ಇದು ಅಂದರೆ ಕೂತು ಕೇಳುತ್ತಾರೆ. ಚಿಕ್ಕಮ್ಮ ಕೇಳಿದ್ದು ಹಾಗೇ.

ಅವರು ಅನ್ನ ಬಿಡಲಿಲ್ಲ. ಬಿಡಿ ಅಂತ ನಾನೂ ಹೇಳಲಿಲ್ಲ. ಈಗ ಪಲ್ಯ ಅನ್ನದಷ್ಟೇ ಇರುತ್ತದೆ, ತಿಳಿಸಾರಿನ ಜಾಗಕ್ಕೆ ವಾರದಲ್ಲಿ ನಾಲ್ಕು ದಿನ ಕಾಳಿನ ಹುಳಿ. ಬಿಸ್ಕೆಟ್ ಡಬ್ಬಿಯಲ್ಲಿ ಹುರಿದ ಶೇಂಗಾ. ರಾತ್ರಿ ಊಟ ಆದ ಮೇಲೆ ಪಕ್ಕದ ಮನೆಯವರ ಜೊತೆ ಬೀದಿಯ ಕೊನೆಯ ಅಶ್ವತ್ಥಕಟ್ಟೆಯವರೆಗೆ ಹೋಗಿ ಬರುತ್ತಾರೆ. ಎಂಟು ತಿಂಗಳ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ 5.8 ಬಂತು. ಮರೆವು ಕಡಿಮೆ ಆಯ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಅದು ಗೊತ್ತಾಗಲ್ಲ ಕಣೋ. ಮಧ್ಯಾಹ್ನದ ತೂಕಡಿಕೆ ಮಾತ್ರ ಹೋಗಿದೆ’ ಅಂದರು. ಈ ಸಲ ಕಾಗದ ಫ್ರಿಜ್ ಮೇಲೆ ಹೋಗಲಿಲ್ಲ. ಮುಂದಿನ ಪರೀಕ್ಷೆಯ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಕಾಗದವನ್ನು ಅದರ ಹಿಂದೆಯೇ ಸಿಕ್ಕಿಸಿದ್ದಾರೆ.